ಗಣಕಯಂತ್ರಕ್ಕೆ ಕೊಡುವ ಆಜ್ಞೆ ಮತ್ತು ಅದರ ಆಯ್ಕೆಗಳು: ಸಿ ಭಾಷೆಯ ಒಂದು ಪಾಠ

ಗಣಕಯಂತ್ರವೆಂದೊಡನೆ ಇಂದು ನಮ್ಮ ಕಣ್ಣ ಮುಂದೆ ನಿಲ್ಲುವುದು ಬಣ್ಣದ ಪರದೆ, ಪರದೆಯ ಮೇಲಿನ ಚಿಕ್ಕ ಚಿಕ್ಕ ಚಿತ್ರಗಳು, ಮತ್ತು ಆ ಚಿತ್ರಗಳನ್ನು ಒತ್ತುವ ಬೆರಳು. ಆದರೆ ಈ ಚಿತ್ರಗಳ ಹಿಂದೆ, ಒಂದು ಸಾಲಿನ ಬರಹದಿಂದ ಯಂತ್ರಕ್ಕೆ ಅಪ್ಪಣೆ ಕೊಡುವ ಹಳೆಯ ಪದ್ಧತಿಯು ಇಂದಿಗೂ ಜೀವಂತವಾಗಿದೆ. ಈ ಬರಹಕ್ಕೆ ಆಜ್ಞಾಸಾಲು ಎಂದು ಕರೆಯೋಣ. ಸರ್ವರುಗಳನ್ನು ನೋಡಿಕೊಳ್ಳುವವರು, ಸಂಶೋಧಕರು, ಅಭಿಯಂತರರು ದಿನಬೆಳಗಾದರೆ ಬಳಸುವುದು ಇದನ್ನೇ. ನಮ್ಮ ಶಾಲೆಯಿಂದ ಹೊರಟು ಡಿಪ್ಲೊಮಾ, ಇಂಜಿನಿಯರಿಂಗ್ ಓದಿ ಗಣಕ ಕ್ಷೇತ್ರವನ್ನು ಸೇರಿದ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಆದರೂ ಆಜ್ಞಾಸಾಲನ್ನು ಬರೆಯುವುದು ಬೇರೆ, ಬರೆದ ಸಾಲನ್ನು ಓದಿ ಅರ್ಥಮಾಡಿಕೊಳ್ಳುವ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ರಚಿಸುವುದು ಬೇರೆ. ಎರಡನೆಯದನ್ನು ನಮ್ಮ ತರಗತಿಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಅದು ಅಷ್ಟು ಅಲಕ್ಷ್ಯಕ್ಕೆ ಪಾತ್ರವಾದ ವಿಷಯವಲ್ಲವೆಂಬುದು ಈ ಲೇಖನದ ಅಭಿಪ್ರಾಯ.

ಒಂದು ಸೂಚನೆಯನ್ನು ಆರಂಭದಲ್ಲಿಯೇ ಕೊಡಬೇಕಾಗಿದೆ. ಸಂಚಿಕೆಯ ಅನುಕೂಲಕ್ಕಾಗಿ ಆಜ್ಞೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಮುದ್ರಿಸಲಾಗಿದೆ. ‘ವಿ’, ‘ಎಸ್’, ‘ಡಬ್ಲ್ಯು’ ಮುಂತಾಗಿ ಬರೆದಲ್ಲಿ ಓದುಗರು ಆಯಾ ರೋಮನ್ ಅಕ್ಷರವನ್ನು ತಿಳಿಯತಕ್ಕದ್ದು. ಯಂತ್ರದ ಮುಂದೆ ಕುಳಿತಾಗ ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು.

ಒಣ ನಿಯಮಗಳಿಂದ ಪ್ರಾರಂಭಿಸುವುದಕ್ಕಿಂತ ಒಂದು ಸಜೀವ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬರಹವನ್ನು ಧ್ವನಿಯಾಗಿ ಓದಿ ಹೇಳುವ ‘ಈಸ್ಪೀಕ್’ ಎಂಬ ಉಚಿತ ಕ್ರಮವಿಧಿಯೊಂದಿದೆ. ಜೊನಾಥನ್ ಡಡಿಂಗ್ಟನ್ ಎಂಬವರು 1995ರಲ್ಲಿ ಏಕಾರ್ನ್ ಯಂತ್ರಗಳಿಗಾಗಿ ಪ್ರಾರಂಭಿಸಿದ ಈ ಕೆಲಸವು 2006ರಲ್ಲಿ ಲಿನಕ್ಸ್ ಬಳಕೆದಾರರಿಗೆ ಮುಕ್ತವಾಗಿ ದೊರೆಯಿತು. 2015ರ ಕೊನೆಗೆ ಅದರದೇ ಕವಲಾಗಿ ‘ಈಸ್ಪೀಕ್ ಎನ್‌ಜಿ’ ಹುಟ್ಟಿತು. ಇದು ಮಾತಾಡುವ ಅನೇಕ ಭಾಷೆಗಳಲ್ಲಿ ಕನ್ನಡವೂ ಒಂದು, ಮರಾಠಿಯೂ ಒಂದು. ಕಾಗವಾಡ ತಾಲೂಕಿನ ನಮ್ಮ ಶಿರಗುಪ್ಪಿಯಂಥ ಗಡಿಸೀಮೆಯ ಊರಿನಲ್ಲಿ, ಸಂತೆಯಲ್ಲಿ ಒಂದು ನುಡಿ ಮತ್ತು ಶಾಲೆಯಲ್ಲಿ ಮತ್ತೊಂದು ನುಡಿ ಕೇಳಿ ಬೆಳೆಯುವ ಮಕ್ಕಳಿಗೆ, ಈ ಎರಡೂ ಒಂದೇ ಯಂತ್ರದ ಬಾಯಿಂದ ಬರುವುದು ವಿಶೇಷವೇ ಸರಿ. ಧ್ವನಿಯು ಮನುಷ್ಯನದರಂತೆ ಇಂಪಾಗಿಲ್ಲ, ಯಾಂತ್ರಿಕವಾಗಿದೆ. ಆದರೆ ದೃಷ್ಟಿಹೀನರಾದ ಓದುಗರು ಇಂಪಿಗಿಂತ ವೇಗವನ್ನೂ ಸ್ಪಷ್ಟತೆಯನ್ನೂ ಹೆಚ್ಚಾಗಿ ಬಯಸುತ್ತಾರೆ. ವಿಂಡೋಸ್ ಯಂತ್ರಗಳಲ್ಲಿ ಪರದೆಯನ್ನು ಓದಿ ಹೇಳುವ ‘ಎನ್‌ವಿಡಿಎ’ ಎಂಬ ಉಚಿತ ಸಾಧನವು ತನ್ನೊಳಗೆ ಇದೇ ಈಸ್ಪೀಕ್ ಎನ್‌ಜಿಯನ್ನು ಇಟ್ಟುಕೊಂಡಿದೆ. ಆದುದರಿಂದ ಇದು ಕೇವಲ ಆಟದ ಸಾಮಗ್ರಿಯಲ್ಲ. ಒಬ್ಬ ವಿದ್ಯಾರ್ಥಿಯು ಪಾಠವನ್ನು ಓದಬಲ್ಲನೋ ಇಲ್ಲವೋ ಎಂಬುದು ಇಂಥ ಕ್ರಮವಿಧಿಗಳ ನಡತೆಯನ್ನು ಅವಲಂಬಿಸಿದೆ.

ಆಜ್ಞಾಸಾಲಿನಲ್ಲಿ ಇದನ್ನು ಕರೆಯುವ ಬಗೆ ಹೀಗೆ:

ಈಸ್ಪೀಕ್-ಎನ್‌ಜಿ -ವಿ ಕೆಎನ್ -ಎಸ್ 120 -ಎಫ್ ಪಾಠ

ಇಲ್ಲಿ ‘-ವಿ’ ಎಂಬುದು ಧ್ವನಿಯ ಆಯ್ಕೆ. ‘ಕೆಎನ್’ ಎಂಬುದು ಕನ್ನಡಕ್ಕೆ ಅಂತರರಾಷ್ಟ್ರೀಯ ಎರಡಕ್ಷರದ ಸಂಕೇತ. ‘-ಎಸ್’ ಎಂಬುದು ವೇಗದ ಆಯ್ಕೆ, ನಿಮಿಷಕ್ಕೆ ಸುಮಾರು ಇಷ್ಟು ಪದಗಳೆಂದು ಹೇಳುವುದಕ್ಕೆ. ಹೇಳದಿದ್ದರೆ 175 ಎಂದು ಭಾವಿಸಿಕೊಳ್ಳುತ್ತದೆ. ‘-ಎಫ್’ ಎಂಬುದು ಓದಬೇಕಾದ ಕಡತದ ಹೆಸರು. ‘-ಡಬ್ಲ್ಯು’ ಎಂದು ಬರೆದು ಒಂದು ಹೆಸರು ಕೊಟ್ಟರೆ ಧ್ವನಿಯನ್ನು ಕಡತದಲ್ಲಿ ಉಳಿಸುತ್ತದೆ. ‘-ಕ್ಯೂ’ ಎಂದರೆ ಸದ್ದು ಮಾಡಬೇಡ ಎಂದರ್ಥ; ಅದಕ್ಕೆ ಯಾವ ಮೌಲ್ಯವೂ ಬೇಕಿಲ್ಲ. ಮೌಲ್ಯ ಬೇಡುವ ಆಯ್ಕೆ, ಮೌಲ್ಯ ಬೇಡದ ಆಯ್ಕೆ ಎಂಬ ಈ ಭೇದವನ್ನು ಓದುಗರು ಗಮನದಲ್ಲಿಡಬೇಕು. ಮುಂದೆ ಬರುವ ತೊಡಕುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಅಕ್ಷರಗಳ ಅರ್ಥವು ಎಲ್ಲ ಕಡೆಗೂ ಒಂದೇ ಅಲ್ಲ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ‘ಟೆಸರಾಕ್ಟ್’ ಎಂಬ ಇನ್ನೊಂದು ಉಚಿತ ಸಾಧನವಿದೆ. 1985ರಿಂದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು 2005ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಸಾಧನವು ಕನ್ನಡವನ್ನೂ ಓದುತ್ತದೆ. ಅಲ್ಲಿ ಭಾಷೆಯನ್ನು ಹೇಳಲು ‘-ಎಲ್ ಕೆಎಎನ್’ ಎಂದು ಬರೆಯಬೇಕು. ಸಂಕೇತವು ಎರಡಕ್ಷರದ್ದಲ್ಲ, ಮೂರಕ್ಷರದ್ದು. ಈಸ್ಪೀಕಿನಲ್ಲಿಯೂ ‘-ಎಲ್’ ಎಂಬ ಆಯ್ಕೆಯುಂಟು, ಆದರೆ ಅದಕ್ಕೆ ಸಾಲಿನ ಉದ್ದವೆಂಬ ಅರ್ಥ! ಒಂದು ಹಳೆಯ ಪುಸ್ತಕದ ಪುಟವನ್ನು ಮೊದಲು ಟೆಸರಾಕ್ಟಿಗೆ, ಬಳಿಕ ಈಸ್ಪೀಕಿಗೆ ಕೊಟ್ಟು ದೃಷ್ಟಿಹೀನ ಹುಡುಗನೊಬ್ಬನಿಗೆ ಓದಿಸಬೇಕೆಂದು ಹೊರಟ ಶಿಕ್ಷಕರು ಈ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಕ್ರಮವಿಧಿ ಬರೆದವರು ಒಬ್ಬರನ್ನೊಬ್ಬರು ಕೇಳಿಕೊಂಡು ಅಕ್ಷರಗಳನ್ನು ಆರಿಸಲಿಲ್ಲ. ಆರಿಸುವುದು ಸಾಧ್ಯವೂ ಇರಲಿಲ್ಲ.

ಇನ್ನು ಒಳಗಿನ ಕಾರ್ಯವನ್ನು ನೋಡೋಣ. ನಾವು ಸಾಲನ್ನು ಬರೆದು ಎಂಟರ್ ಒತ್ತಿದಾಗ ಅದು ನೇರವಾಗಿ ಕ್ರಮವಿಧಿಗೆ ತಲುಪುವುದಿಲ್ಲ. ಲಿನಕ್ಸ್ ಮತ್ತು ಯೂನಿಕ್ಸ್ ವ್ಯವಸ್ಥೆಗಳಲ್ಲಿ ನಡುವೆ ‘ಶೆಲ್’ ಎಂಬ ಮಧ್ಯವರ್ತಿಯಿರುತ್ತಾನೆ. ಅವನು ಖಾಲಿ ಜಾಗಗಳನ್ನು ಗುರುತಿಸಿ ಸಾಲನ್ನು ಪದಗಳಾಗಿ ಒಡೆಯುತ್ತಾನೆ. ಉದ್ಧರಣ ಚಿಹ್ನೆಯೊಳಗೆ ಇಟ್ಟ ಪದಗಳನ್ನು ಒಡೆಯದೆ ಒಂದೇ ಪದವೆಂದು ಎಣಿಸುತ್ತಾನೆ. ನಕ್ಷತ್ರ ಚಿಹ್ನೆಯನ್ನು ಕಂಡರೆ ಆ ಸ್ಥಳದಲ್ಲಿರುವ ಕಡತಗಳ ಹೆಸರುಗಳನ್ನು ಅಲ್ಲಿ ತುಂಬುತ್ತಾನೆ. ವಿಂಡೋಸಿನಲ್ಲಿ ಮಾತ್ರ ಇಡೀ ಸಾಲು ಅಖಂಡವಾಗಿ ಬಂದು, ಪದವಿಭಾಗವು ಕ್ರಮವಿಧಿಗೆ ಹೊಂದಿಕೊಂಡ ಗ್ರಂಥಾಲಯದಲ್ಲಿ ನಡೆಯುತ್ತದೆ. ಹೇಗೇ ಆಗಲಿ, ಕೊನೆಗೆ ಸಿ ಭಾಷೆಯ ಮುಖ್ಯ ಫಂಕ್ಷನ್ನಾದ ‘ಮೇನ್’ಗೆ ಎರಡು ವಸ್ತುಗಳು ದೊರೆಯುತ್ತವೆ. ಮೊದಲನೆಯದು ‘ಆರ್ಗ್‌ಸಿ’, ಎಂದರೆ ಪದಗಳ ಸಂಖ್ಯೆ. ಎರಡನೆಯದು ‘ಆರ್ಗ್‌ವಿ’, ಎಂದರೆ ಆ ಪದಗಳಿರುವ ಸ್ಥಳಗಳ ಪಟ್ಟಿ. ಪಟ್ಟಿಯ ಎಣಿಕೆ ಸೊನ್ನೆಯಿಂದ ಪ್ರಾರಂಭ. ಸೊನ್ನೆಯ ಸ್ಥಾನದಲ್ಲಿ ರೂಢಿಯಂತೆ ಕ್ರಮವಿಧಿಯ ಸ್ವಂತ ಹೆಸರು, ಒಂದರಿಂದ ಮುಂದೆ ನಾವು ಕೊಟ್ಟ ಪದಗಳು, ಎಲ್ಲಕ್ಕೂ ಕೊನೆಗೆ ಶೂನ್ಯ ಪಾಯಿಂಟರ್. ಮೇಲಿನ ಉದಾಹರಣೆಯಲ್ಲಿ ಆರ್ಗ್‌ಸಿಯ ಬೆಲೆ 7. ‘120’ ಎಂಬುದು ಈ ಹಂತದಲ್ಲಿ ಸಂಖ್ಯೆಯಲ್ಲ. ಒಂದು, ಎರಡು, ಸೊನ್ನೆ ಎಂಬ ಮೂರು ಅಕ್ಷರಗಳ ಸಾಲು ಮಾತ್ರ. ಯಾವುದು ಆಯ್ಕೆ, ಯಾವುದು ಅದರ ಮೌಲ್ಯ, ಯಾವುದು ಕೆಲಸ ನಡೆಯಬೇಕಾದ ವಸ್ತು ಎಂಬ ವಿವೇಚನೆಯೆಲ್ಲವೂ ಕ್ರಮವಿಧಿಯ ಹೊಣೆ. ಈ ವಿವೇಚನೆಗೇ ಆಯ್ಕೆಗಳ ಪದಚ್ಛೇದವೆನ್ನಬಹುದು.

ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇದರ ತಿರುಳು ಬೇಗನೆ ಮನದಟ್ಟಾಗುತ್ತದೆ. ‘ರೈತನು ಕಬ್ಬನ್ನು ಕುಡುಗೋಲಿನಿಂದ ಕಡಿದನು’ ಎಂಬ ವಾಕ್ಯದಲ್ಲಿ ಪದಗಳನ್ನು ಹಿಂದುಮುಂದು ಮಾಡಿ ‘ಕುಡುಗೋಲಿನಿಂದ ಕಬ್ಬನ್ನು ರೈತನು ಕಡಿದನು’ ಎಂದರೂ ಅರ್ಥ ಕೆಡುವುದಿಲ್ಲ. ಯಾರು, ಯಾವುದನ್ನು, ಯಾವುದರಿಂದ ಎಂಬುದನ್ನು ವಿಭಕ್ತಿ ಪ್ರತ್ಯಯಗಳು ಹೇಳುತ್ತವೆ. ಇಂಗ್ಲಿಷಿನಲ್ಲಿ ಹಾಗಲ್ಲ, ಪದದ ಸ್ಥಾನವೇ ಅದರ ಅರ್ಥವನ್ನು ನಿರ್ಣಯಿಸುತ್ತದೆ. ಆಜ್ಞಾಸಾಲಿನಲ್ಲಿ ಈ ಎರಡು ಪದ್ಧತಿಗಳೂ ಉಂಟು. ಕಡತದ ನಕಲು ಮಾಡುವ ‘ಸಿಪಿ’ ಆಜ್ಞೆಗೆ ಮೊದಲು ಮೂಲದ ಹೆಸರು, ಬಳಿಕ ನಕಲಿನ ಹೆಸರು; ಸ್ಥಾನ ತಪ್ಪಿದರೆ ಹೊಸದರ ಮೇಲೆ ಹಳೆಯದು ಬಂದು ಕೂಡುತ್ತದೆ. ಆದರೆ ‘-ವಿ ಕೆಎನ್’ ಎಂಬುದನ್ನು ‘-ಎಸ್ 120’ಕ್ಕಿಂತ ಮೊದಲಿಟ್ಟರೂ ಒಂದೇ, ಆಮೇಲೆ ಇಟ್ಟರೂ ಒಂದೇ, ಏಕೆಂದರೆ ಅಡ್ಡಗೆರೆ ಹೊತ್ತ ಅಕ್ಷರವು ಇಲ್ಲಿ ವಿಭಕ್ತಿಯ ಕೆಲಸವನ್ನು ಮಾಡುತ್ತಿದೆ. ನಮ್ಮ ಪ್ರತ್ಯಯವು ಪದದ ಹಿಂದೆ ಅಂಟುತ್ತದೆ, ಅದು ಮುಂದೆ ನಿಲ್ಲುತ್ತದೆ, ಇಷ್ಟೇ ಅಂತರ. ಒಂದಕ್ಕಿಂತ ಹೆಚ್ಚು ವಸ್ತುಗಳನ್ನು ಬೇಡುವ ಕ್ರಮವಿಧಿಯನ್ನು ರಚಿಸುವವರು ಸ್ಥಾನವನ್ನು ನಂಬದೆ ಆಯ್ಕೆಯ ಅಕ್ಷರಗಳನ್ನೇ ನಂಬುವುದು ಮೇಲೆಂದು ನನ್ನ ಅಭಿಪ್ರಾಯ. ಬಳಸುವವರು ಕನ್ನಡಿಗರಾಗಿದ್ದರಂತೂ ಇನ್ನೂ ಮೇಲು.

ಸಿ ಭಾಷೆಯ ಮೂಲಗ್ರಂಥವೆನಿಸಿದ ಕರ್ನಿಘನ್ ಮತ್ತು ರಿಚಿ ಅವರ 1978ರ ಪುಸ್ತಕದಲ್ಲಿ, ಪಾಯಿಂಟರುಗಳನ್ನು ಕುರಿತ ಐದನೆಯ ಅಧ್ಯಾಯದಲ್ಲಿ, ಒಂದು ಮಾದರಿಯಿದೆ. ಕಡತದಲ್ಲಿ ಒಂದು ಪದವಿರುವ ಸಾಲುಗಳನ್ನು ಹುಡುಕಿ ತೋರಿಸುವ ಆ ಕ್ರಮವಿಧಿಗೆ ‘-ಎಕ್ಸ್’ ಮತ್ತು ‘-ಎನ್’ ಎಂಬ ಎರಡು ಆಯ್ಕೆಗಳು. ಪದವಿಲ್ಲದ ಸಾಲುಗಳನ್ನು ತೋರಿಸಲು ಒಂದು, ಸಾಲಿನ ಸಂಖ್ಯೆಯನ್ನು ಮುದ್ರಿಸಲು ಇನ್ನೊಂದು. ಎರಡನ್ನೂ ಕೂಡಿಸಿ ‘-ಎನ್‌ಎಕ್ಸ್’ ಎಂದೂ ಬರೆಯಬಹುದು. ಅಲ್ಲಿಯ ಪದಚ್ಛೇದವು ಪೂರ್ಣವಾಗಿ ಕೈಕೆಲಸ: ಪದದ ಮೊದಲ ಅಕ್ಷರವು ಅಡ್ಡಗೆರೆಯೇ ಎಂದು ನೋಡುವುದು, ಆಗಿದ್ದರೆ ಮುಂದಿನ ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ವಿದ್ಯಾರ್ಥಿಯು ಒಮ್ಮೆಯಾದರೂ ಇದನ್ನು ಸ್ವಂತ ಕೈಯಿಂದ ಬರೆಯಬೇಕು. ಒಮ್ಮೆ ಬರೆದ ಮೇಲೆ ಮತ್ತೆ ಬರೆಯಬಾರದು. ಏಕೆಂದರೆ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆದು, ಒಂದು ಆಜ್ಞೆಯಲ್ಲಿ ‘-ಎಸ್120’ ಎಂದು ಕೂಡಿಸಿ ಬರೆದರೆ ಸರಿ, ಇನ್ನೊಂದರಲ್ಲಿ ಬಿಡಿಸಿಯೇ ಬರೆಯಬೇಕು ಎಂಬ ಗೊಂದಲವು ಹುಟ್ಟಿಕೊಂಡಿತು. ಇದರ ನಿವಾರಣೆಗಾಗಿಯೇ ಎಟಿ ಅಂಡ್ ಟಿ ಸಂಸ್ಥೆಯ ಯೂನಿಕ್ಸ್ ತಜ್ಞರು ‘ಗೆಟ್‌ಆಪ್ಟ್’ ಎಂಬ ಫಂಕ್ಷನ್ನನ್ನು ರೂಪಿಸಿದರು. 1985ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಯೂನಿಫೋರಂ ಸಮ್ಮೇಳನದಲ್ಲಿ ಅದರ ಮೂಲಪಾಠವನ್ನು ಯಾರು ಬೇಕಾದರೂ ಬಳಸಲೆಂದು ಹಂಚಲಾಯಿತು. ಬಳಿಕ ಅದು ಪೋಸಿಕ್ಸ್ ಎಂಬ ಪ್ರಮಾಣದ ಭಾಗವಾಯಿತು.

ಗೆಟ್‌ಆಪ್ಟ್‌ನ ಬಳಕೆಯನ್ನು ತಿಳಿಯಲು ನಮ್ಮದೇ ಒಂದು ಚಿಕ್ಕ ಕ್ರಮವಿಧಿಯನ್ನು ಕಲ್ಪಿಸಿಕೊಳ್ಳೋಣ. ಅದರ ಹೆಸರು ‘ಓದು’ ಇರಲಿ. ಪಾಠದ ಕಡತಗಳನ್ನು ತೆಗೆದುಕೊಂಡು ಧ್ವನಿಯ ಕಡತವನ್ನು ಮಾಡಿಕೊಡುವುದು ಅದರ ಕೆಲಸ. ಅದಕ್ಕೆ ಕೊಡುವ ಆಯ್ಕೆಗಳ ಸೂತ್ರವನ್ನು ‘ವಿ:ಎಸ್:ಡಬ್ಲ್ಯು:ಕ್ಯೂ’ ಎಂದು ಬರೆಯುತ್ತೇವೆ. ಅಕ್ಷರದ ಮುಂದೆ ಎರಡು ಚುಕ್ಕೆಗಳಿದ್ದರೆ ಆ ಆಯ್ಕೆಯು ಮೌಲ್ಯವನ್ನು ಬೇಡುತ್ತದೆ, ಇಲ್ಲದಿದ್ದರೆ ಬೇಡುವುದಿಲ್ಲ. ಗೆಟ್‌ಆಪ್ಟನ್ನು ಮತ್ತೆ ಮತ್ತೆ ಕರೆದಂತೆಲ್ಲ ಅದು ಒಂದೊಂದು ಆಯ್ಕೆಯ ಅಕ್ಷರವನ್ನು ಹಿಂದಿರುಗಿಸುತ್ತದೆ. ಮೌಲ್ಯವಿದ್ದರೆ ಅದನ್ನು ‘ಆಪ್ಟ್‌ಆರ್ಗ್’ ಎಂಬ ಚರದಲ್ಲಿ ತೋರಿಸುತ್ತದೆ. ಗುರುತಿಲ್ಲದ ಅಕ್ಷರ ಬಂದರೆ ಪ್ರಶ್ನಾರ್ಥಕ ಚಿಹ್ನೆಯನ್ನು ಕೊಡುತ್ತದೆ. ಆಯ್ಕೆಗಳು ಮುಗಿದಾಗ -1 ಎನ್ನುತ್ತದೆ. ಆಗ ‘ಆಪ್ಟ್‌ಇಂಡ್’ ಎಂಬ ಇನ್ನೊಂದು ಚರದಲ್ಲಿ, ಉಳಿದ ಪದಗಳು ಯಾವ ಸ್ಥಾನದಿಂದ ಪ್ರಾರಂಭವಾಗುತ್ತವೆ ಎಂಬುದು ಸಿದ್ಧವಾಗಿರುತ್ತದೆ. ‘-ಎಸ್120’ ಮತ್ತು ‘-ಎಸ್ 120’ ಎರಡನ್ನೂ ಅದು ಸಮಾನವಾಗಿ ಸ್ವೀಕರಿಸುತ್ತದೆ. ಎರಡು ಅಡ್ಡಗೆರೆಗಳು ಮಾತ್ರ ಇರುವ ಪದ ಬಂದರೆ ಅಲ್ಲಿಗೆ ಆಯ್ಕೆಗಳು ಮುಗಿದವು, ಮುಂದಿನದು ಏನೇ ಇದ್ದರೂ ಅದು ವಸ್ತುವೇ ಎಂದು ತಿಳಿಯುತ್ತದೆ. ಅಡ್ಡಗೆರೆಯಿಂದ ಪ್ರಾರಂಭವಾಗುವ ಹೆಸರಿನ ಕಡತವನ್ನು ಅಳಿಸಬೇಕಾಗಿ ಬಂದವರಿಗೆ ಈ ನಿಯಮದ ಬೆಲೆ ಗೊತ್ತು.

ಪ್ರಮಾಣದಂತೆ ಆಯ್ಕೆಗಳೆಲ್ಲ ವಸ್ತುಗಳಿಗಿಂತ ಮೊದಲೇ ಬರಬೇಕು. ಗ್ನೂ ಸಂಘಟನೆಯವರ ಗೆಟ್‌ಆಪ್ಟ್ ಮಾತ್ರ ಪದಗಳನ್ನು ತಾನೇ ಹಿಂದುಮುಂದು ಸರಿಸಿ, ಕೊನೆಗೆ ಬರೆದ ಆಯ್ಕೆಯನ್ನೂ ಎತ್ತಿಕೊಳ್ಳುತ್ತದೆ. ಬಳಸುವವರಿಗೆ ಇದು ಸೌಕರ್ಯ. ಆದರೆ ಲಿನಕ್ಸಿನಲ್ಲಿ ನಡೆದ ಸಾಲು ಬೇರೆ ವ್ಯವಸ್ಥೆಯಲ್ಲಿ ನಡೆಯದೇ ಹೋಗುವುದೂ ಇದೇ ಕಾರಣದಿಂದ.

ಈಗ ತೊಡಕುಗಳಿಗೆ ಬರೋಣ. ಗೆಟ್‌ಆಪ್ಟ್ ಹಿಂದಿರುಗಿಸಿದ ಬೆಲೆಯನ್ನು ಯಾವ ಬಗೆಯ ಚರದಲ್ಲಿ ಇಡಬೇಕು? ಅಕ್ಷರವನ್ನೇ ಕೊಡುತ್ತದಲ್ಲ ಎಂದು ವಿದ್ಯಾರ್ಥಿಗಳು ‘ಕ್ಯಾರ್’ ಬಗೆಯ ಚರವನ್ನು ಘೋಷಿಸುತ್ತಾರೆ. ನಮ್ಮ ಪ್ರಯೋಗಾಲಯಗಳ ಸಾಮಾನ್ಯ ಇಂಟೆಲ್ ಯಂತ್ರಗಳಲ್ಲಿ ಇದು ಕುಂದಿಲ್ಲದೆ ನಡೆದುಬಿಡುತ್ತದೆ; ಅಲ್ಲಿ ‘ಕ್ಯಾರ್’ಗೆ ಋಣ ಬೆಲೆಗಳೂ ಉಂಟು. ಅದೇ ಕ್ರಮವಿಧಿಯನ್ನು ರಾಸ್ಪ್‌ಬೆರಿ ಪೈಯಂಥ ಆರ್ಮ್ ಯಂತ್ರಕ್ಕೆ ಒಯ್ದಾಗ, ಅಲ್ಲಿಯ ಲಿನಕ್ಸಿನಲ್ಲಿ ‘ಕ್ಯಾರ್’ಗೆ ಋಣ ಬೆಲೆಯಿಲ್ಲ. -1 ಎಂಬುದು 255 ಆಗಿ ಕುಳಿತುಕೊಳ್ಳುತ್ತದೆ. 255 ಎಂದಿಗೂ -1ಕ್ಕೆ ಸಮನಾಗದು, ಆದುದರಿಂದ ಆವರ್ತನೆಯೂ ಎಂದಿಗೂ ಮುಗಿಯದು. ಇಲ್ಲವೇ ತಿಳಿಯದ ಆಯ್ಕೆಯೆಂದು ಭ್ರಮಿಸಿ, ಸರಿಯಾಗಿ ಬರೆದವನಿಗೂ ಗದರಿಸಿ ಹೊರಬರುತ್ತದೆ. ಕಡಿಮೆ ಬೆಲೆಯ ಆರ್ಮ್ ಯಂತ್ರಗಳೇ ಹಳ್ಳಿಯ ಶಾಲೆಗಳಿಗೆ ನಿಲುಕುವಂಥವು ಎಂಬುದನ್ನು ನೆನೆದರೆ ಈ ದೋಷವು ಪುಸ್ತಕದ ಬದನೆಕಾಯಿಯಲ್ಲವೆಂದು ತಿಳಿಯುತ್ತದೆ. ಪರಿಹಾರವು ಒಂದೇ ಪದದಲ್ಲಿದೆ: ಆ ಚರವನ್ನು ‘ಇಂಟ್’ ಎಂದು ಘೋಷಿಸಬೇಕು.

ಇದಕ್ಕಿಂತ ಘೋರವಾದುದು ಮೌಲ್ಯವನ್ನು ಮರೆಯುವ ಪ್ರಸಂಗ. ಒಬ್ಬ ಶಿಕ್ಷಕಿಯು ವರ್ಷವಿಡೀ ಕೂತು ಬೆರಳಚ್ಚು ಮಾಡಿದ ಪಾಠದ ಕಡತವಿದೆಯೆನ್ನೋಣ. ಅದರ ಧ್ವನಿರೂಪವನ್ನು ಮಾಡಲು ಅವರು

ಓದು -ವಿ ಕೆಎನ್ -ಡಬ್ಲ್ಯು ಪಾಠ

ಎಂದು ಬರೆದು, ಧ್ವನಿಯ ಕಡತದ ಹೆಸರನ್ನು ಹೇಳುವುದನ್ನು ಮರೆತರೆ ಏನಾಗುತ್ತದೆ? ‘-ಡಬ್ಲ್ಯು’ಗೆ ಮೌಲ್ಯ ಬೇಕು, ಮುಂದಿನ ಪದ ‘ಪಾಠ’, ಆದುದರಿಂದ ಅದೇ ಮೌಲ್ಯ. ಗೆಟ್‌ಆಪ್ಟ್‌ಗೆ ಇದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಮೌಲ್ಯವು ಇಲ್ಲವೆಂದು ಅದು ಗುರುತಿಸುವುದು ಮುಂದೆ ಯಾವ ಪದವೂ ಇಲ್ಲದಿದ್ದಾಗ ಮಾತ್ರ. ಕ್ರಮವಿಧಿಯು ಪಾಠವನ್ನು ಬರೆಯುವುದಕ್ಕಾಗಿ ತೆರೆಯುತ್ತದೆ. ಸಿ ಭಾಷೆಯಲ್ಲಿ ‘ಎಫ್‌ಓಪನ್’ ಫಂಕ್ಷನ್ನಿಗೆ ಬರೆಯುವ ರೀತಿಯನ್ನು ಹೇಳಿ ಕಡತವನ್ನು ತೆರೆದ ಕ್ಷಣವೇ ಅದರಲ್ಲಿದ್ದುದೆಲ್ಲ ಅಳಿದು, ಉದ್ದ ಸೊನ್ನೆಯಾಗುತ್ತದೆ. ಒಂದು ಪದವನ್ನು ಮರೆತುದಕ್ಕೆ ಒಂದು ವರ್ಷದ ಶ್ರಮವು ದಂಡ. ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯಲ್ಲಿ ಗಾಡಿಯ ನಂಬರಿನ ಕೋಷ್ಟಕವು ಖಾಲಿ ಉಳಿದರೆ ಮುಂದಿನ ಕೋಷ್ಟಕದ ಅಂಕೆಯನ್ನು ಎಳೆದು ತಂದು ಅಲ್ಲಿ ತುಂಬುವ ಗುಮಾಸ್ತನನ್ನು ಯಾವ ರೈತನೂ ಸಹಿಸಲಾರನು. ಆದರೆ ಗೆಟ್‌ಆಪ್ಟ್ ಅಂಥ ಗುಮಾಸ್ತನೇ ಸರಿ, ಮತ್ತು ಅದು ಹಾಗಿರುವುದು ನಿಯಮಬದ್ಧವಾಗಿಯೇ. ಎಚ್ಚರ ವಹಿಸಬೇಕಾದವನು ಕ್ರಮವಿಧಿಯ ಕರ್ತೃ.

ಆತನು ಮಾಡಬಹುದಾದದ್ದು ಮೂರು. ಆಯ್ಕೆಗಳನ್ನು ಓದುತ್ತಿರುವಾಗಲೇ ಯಾವ ಕಡತವನ್ನೂ ಮುಟ್ಟಕೂಡದು. ಸಾಲನ್ನು ಕೊನೆಯವರೆಗೆ ಓದಿ, ಎಲ್ಲವೂ ಸರಿಯೆಂದು ಕಂಡ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ಆವರ್ತನೆಯು ಮುಗಿದ ಮೇಲೆ ಆಪ್ಟ್‌ಇಂಡ್ ಮತ್ತು ಆರ್ಗ್‌ಸಿ ಸಮನಾಗಿದ್ದರೆ, ಎಂದರೆ ಓದಬೇಕಾದ ವಸ್ತುವೇ ಉಳಿದಿಲ್ಲದಿದ್ದರೆ, ‘ಪಾಠದ ಹೆಸರನ್ನು ಕೊಟ್ಟಿಲ್ಲ’ ಎಂದು ಹೇಳಿ ನಿಲ್ಲಬೇಕು. ಆದರೆ ಎಷ್ಟೋ ಕ್ರಮವಿಧಿಗಳಲ್ಲಿ ವಸ್ತುವಿಲ್ಲದಿದ್ದರೆ ಕೀಲಿಮಣೆಯಿಂದ ಓದಬೇಕೆಂಬ ರೂಢಿಯಿರುವುದರಿಂದ ಈ ಪರೀಕ್ಷೆಯು ಎಲ್ಲ ಕಡೆಗೂ ಸಲ್ಲದು. ಹಾಗಾಗಿ ಮೂರನೆಯದೇ ನಿಜವಾದ ರಕ್ಷೆ: 2011ರ ಸಿ ಪ್ರಮಾಣವು ಎಫ್‌ಓಪನ್‌ಗೆ ‘ಎಕ್ಸ್’ ಎಂಬ ಅಕ್ಷರವನ್ನು ಕೂಡಿಸಿಕೊಟ್ಟಿದೆ. ಬರೆಯುವ ‘ಡಬ್ಲ್ಯು’ವಿನ ಜೊತೆಗೆ ಅದನ್ನು ಬರೆದರೆ, ಆ ಹೆಸರಿನ ಕಡತವು ಮೊದಲೇ ಇದ್ದಲ್ಲಿ ತೆರೆಯುವ ಯತ್ನವು ವಿಫಲವಾಗುತ್ತದೆ, ಹಳೆಯದು ಉಳಿಯುತ್ತದೆ. ಅಳಿಸಿ ಬರೆಯಲೇಬೇಕೆಂದು ಬಯಸುವವರಿಗೆ ಬೇಕಾದರೆ ಬೇರೆ ಆಯ್ಕೆಯೊಂದನ್ನು ಇಡಬಹುದು. ಅಳಿಸುವುದು ಸುಲಭ, ಉಳಿಸುವುದು ಕಷ್ಟ ಎಂಬ ಏರ್ಪಾಡನ್ನು ತಿರುಗಿಸಿಡುವುದೇ ಇದರ ಉದ್ದೇಶ.

ಇನ್ನು ಸಂಖ್ಯೆಗಳ ಮಾತು. ‘120’ ಎಂಬ ಅಕ್ಷರಸಾಲನ್ನು ಸಂಖ್ಯೆಯನ್ನಾಗಿ ಮಾಡಲು ನಮ್ಮ ಪಠ್ಯಗಳು ‘ಎಟುಐ’ ಎಂಬ ಫಂಕ್ಷನ್ನನ್ನು ಕಲಿಸುತ್ತವೆ. ಅದಕ್ಕೆ ‘ನಿಧಾನ’ ಎಂಬ ಪದವನ್ನು ಕೊಟ್ಟರೂ ಅದು ತಕರಾರು ಮಾಡದೆ ಸೊನ್ನೆಯನ್ನು ಕೊಡುತ್ತದೆ. ಕನ್ನಡ ಅಂಕಿಗಳಲ್ಲಿ ‘೧೨೦’ ಎಂದು ಕೊಟ್ಟರೂ ಸೊನ್ನೆಯೇ! ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಬಳಸುವವರಿಗೆ ಈ ಅಂಕಿಗಳು ಬೆರಳಿಗೆ ಸಹಜವಾಗಿ ಬರುತ್ತವೆ. ನಿಮಿಷಕ್ಕೆ ನೂರಿಪ್ಪತ್ತು ಪದಗಳೆಂದು ಕೇಳಿದವರಿಗೆ ನಿಮಿಷಕ್ಕೆ ಸೊನ್ನೆ ಪದವೆಂದು ಯಂತ್ರವು ಅರ್ಥಮಾಡಿಕೊಂಡರೆ, ತಪ್ಪು ಎಲ್ಲಿದೆಯೆಂದು ಅವರು ಹೇಗೆ ತಿಳಿಯಬೇಕು? ‘ಸ್ಟ್ರ್‌ಟುಎಲ್’ ಎಂಬ ಫಂಕ್ಷನ್ನು ಇದಕ್ಕಿಂತ ಉತ್ತಮ. ಕನ್ನಡ ಅಂಕಿಗಳನ್ನು ಅದೂ ಅರಿಯದು, ಆದರೆ ತಾನು ಎಲ್ಲಿಯವರೆಗೆ ಓದಿದೆನೆಂಬುದನ್ನು ಒಂದು ಪಾಯಿಂಟರಿನ ಮೂಲಕ ತಿಳಿಸುತ್ತದೆ. ಆ ಪಾಯಿಂಟರು ಆರಂಭದಲ್ಲಿಯೇ ನಿಂತಿದ್ದರೆ ಒಂದೂ ಅಂಕಿ ದೊರೆತಿಲ್ಲ. ಕೊನೆಯನ್ನು ಮುಟ್ಟದೆ ನಡುವೆ ನಿಂತಿದ್ದರೆ ಅಂಕಿಯ ಹಿಂದೆ ಬೇರೇನೋ ಅಂಟಿಕೊಂಡಿದೆ. ಎರಡೂ ಸಂದರ್ಭಗಳಲ್ಲಿ ಸ್ಪಷ್ಟವಾದ ತಪ್ಪೊಪ್ಪವನ್ನು ಹೇಳಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನ್ನಡದ ಹತ್ತು ಅಂಕಿಗಳನ್ನು ಮೊದಲೇ ಪರಿವರ್ತಿಸಿಕೊಳ್ಳುವ ಹತ್ತು ಸಾಲಿನ ಫಂಕ್ಷನ್ನನ್ನು ಬರೆಯುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಯೂನಿಕೋಡಿನಲ್ಲಿ ಆ ಹತ್ತೂ ಅಂಕಿಗಳು ಕ್ರಮವಾಗಿ ಒಂದರ ಮುಂದೊಂದು ಇರುವುದರಿಂದ ಮೊದಲ ಅಂಕಿಯನ್ನು ಕಳೆದರೆ ಸಾಕು.

ಅಂಕಿಗಳನ್ನು ಕನ್ನಡದಲ್ಲಿ ಬರೆಯಬಹುದಾದರೆ ಆಯ್ಕೆಗಳ ಹೆಸರನ್ನೇ ಕನ್ನಡದಲ್ಲಿ ಏಕೆ ಇಡಬಾರದು? ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯಾದರೂ ಕೇಳದೆ ಬಿಡುವುದಿಲ್ಲ. ಒಂದಕ್ಷರದ ಆಯ್ಕೆಗಳಲ್ಲಿ ಇದು ಸಾಧ್ಯವಿಲ್ಲ. ಗೆಟ್‌ಆಪ್ಟ್ ನೋಡುವುದು ಒಂದು ಸಲಕ್ಕೆ ಒಂದು ಬೈಟ್ ಮಾತ್ರ. ಇಂದು ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ‘-ವ’ ಎಂದು ಬರೆದರೆ ಅದನ್ನು ಮೂರು ಬೇರೆ ಬೇರೆ ಆಯ್ಕೆಗಳೆಂದು ಅದು ಎಣಿಸುತ್ತದೆ. ಇನ್ನೂ ವಿಚಿತ್ರವೆಂದರೆ ‘ಕ’ ಮತ್ತು ‘ವ’ ಎರಡರಲ್ಲಿಯೂ ಮೊದಲಿನ ಎರಡು ಬೈಟುಗಳು ಒಂದೇ. ವ್ಯತ್ಯಾಸವಿರುವುದು ಮೂರನೆಯದರಲ್ಲಿ ಮಾತ್ರ. ಆದರೆ ಗ್ನೂ ಗ್ರಂಥಾಲಯದ ‘ಗೆಟ್‌ಆಪ್ಟ್ ಲಾಂಗ್’ ಎಂಬ ಫಂಕ್ಷನ್ನಿನಲ್ಲಿ, ಎರಡು ಅಡ್ಡಗೆರೆಗಳ ಹಿಂದೆ ಪೂರ್ಣ ಪದವನ್ನು ಬರೆಯುವ ಸೌಕರ್ಯವಿದೆ. ಅದು ಪದಗಳನ್ನು ಬೈಟಿಗೆ ಬೈಟು ಹೋಲಿಸುತ್ತದೆಯೇ ಹೊರತು ಅವು ಯಾವ ಲಿಪಿಯವೆಂದು ಕೇಳುವುದಿಲ್ಲ. ಆದುದರಿಂದ ‘--ವೇಗ’ ಎಂಬ ಆಯ್ಕೆಯನ್ನು ನಿಜವಾಗಿಯೂ ಇಡಬಹುದು, ಮತ್ತು ಅದು ನಡೆಯುತ್ತದೆ.

ನಡೆಯುತ್ತದೆ, ಆದರೆ ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ. ‘ವೇ’ ಎಂಬುದರಲ್ಲಿಯ ಏತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿಯಿಂದ ಬರೆಯಬಹುದು: ಏತ್ವದ ಒಂದೇ ಸಂಕೇತದಿಂದ, ಇಲ್ಲವೇ ಎತ್ವ ಮತ್ತು ದೀರ್ಘದ ಎರಡು ಸಂಕೇತಗಳಿಂದ. ಮೊದಲನೆಯ ರೀತಿಯಲ್ಲಿ ‘ವೇಗ’ ಪದಕ್ಕೆ 9 ಬೈಟುಗಳು, ಎರಡನೆಯದರಲ್ಲಿ 12. ಪರದೆಯ ಮೇಲೆ ಎರಡೂ ಒಂದೇ ರೂಪ. ಕಣ್ಣಿಗೆ ಒಂದೇ ಆಗಿ ಕಂಡುದನ್ನು ಯಂತ್ರವು ಬೇರೆಯೆಂದು ತಿರಸ್ಕರಿಸುತ್ತದೆ. ಯೂನಿಕೋಡ್ ಪ್ರಮಾಣವೇ ಈ ಎರಡನ್ನೂ ಸಮಾನವೆಂದು ಸಾರಿ, ಒಂದು ರೂಪಕ್ಕೆ ತರುವ ವಿಧಾನವನ್ನೂ ಹೇಳಿದೆ. ಹೋಲಿಸುವ ಮುನ್ನ ಆ ವಿಧಾನವನ್ನು ಅನುಸರಿಸಬೇಕು. ಗೆಟ್‌ಆಪ್ಟ್ ತಾನಾಗಿ ಅದನ್ನು ಮಾಡದು. ಓತ್ವದ ಗತಿಯೂ ಇದೇ. ಹಳೆಯ ನುಡಿ ಮತ್ತು ಬರಹ ಅಕ್ಷರವಿನ್ಯಾಸಗಳಲ್ಲಿ, ಯೂನಿಕೋಡಿಗೆ ಮುಂಚೆ ಬೆರಳಚ್ಚು ಮಾಡಿಟ್ಟ ಕಡತಗಳ ಸಮಸ್ಯೆ ಬೇರೆ. ಅವುಗಳ ಒಳಗಿರುವುದು ರೋಮನ್ ಸಂಕೇತಗಳೇ ಆದುದರಿಂದ, ಯಾವ ಆಯ್ಕೆಯನ್ನು ಕೊಟ್ಟರೂ ಈಸ್ಪೀಕ್ ಅವನ್ನು ಕನ್ನಡವಾಗಿ ಓದಲಾರದು. ಮೊದಲು ಪರಿವರ್ತನೆಯಾಗಬೇಕು.

ಇಷ್ಟನ್ನು ಓದಿದವರು, ಇವೆಲ್ಲ ಕಲಿಯುವವರ ತಪ್ಪುಗಳು, ಅನುಭವಿಗಳು ಹೀಗೆ ಎಡವುವುದಿಲ್ಲವೆಂದು ಭಾವಿಸಬಹುದು. ಲಿನಕ್ಸಿನ ಬಹುತೇಕ ವಿತರಣೆಗಳಲ್ಲಿ ‘ಪಿಕೆಎಕ್ಸೆಕ್’ ಎಂಬ ಕ್ರಮವಿಧಿಯಿರುತ್ತದೆ. ಸಾಮಾನ್ಯ ಬಳಕೆದಾರನಿಗೆ ಅನುಮತಿಯಿದ್ದಲ್ಲಿ ಒಡೆಯನ ಅಧಿಕಾರವನ್ನು ಕೊಡುವುದು ಅದರ ಕಾರ್ಯ. ಅದು ತನ್ನ ಪದಗಳನ್ನು ಒಂದನೆಯ ಸ್ಥಾನದಿಂದ ಓದಲು ಪ್ರಾರಂಭಿಸುತ್ತಿತ್ತು, ಸೊನ್ನೆಯ ಸ್ಥಾನದಲ್ಲಿ ತನ್ನ ಹೆಸರು ಇದ್ದೇ ಇರುತ್ತದೆಂಬ ನಂಬಿಕೆಯಿಂದ. ಆದರೆ ಆರ್ಗ್‌ಸಿಯು ಸೊನ್ನೆಯಾಗಿರುವಂತೆ, ಎಂದರೆ ಹೆಸರೂ ಇಲ್ಲದಂತೆ, ಒಂದು ಕ್ರಮವಿಧಿಯನ್ನು ಕರೆಯುವುದು ಅಂದಿನ ಲಿನಕ್ಸಿನಲ್ಲಿ ಸಾಧ್ಯವಿತ್ತು. ಆಗ ಒಂದನೆಯ ಸ್ಥಾನವು ಪಟ್ಟಿಯ ಹೊರಗಿನದು. ಅಲ್ಲಿ ಸಿಗುವುದು ಪಕ್ಕದಲ್ಲಿಯೇ ಇರುವ ಪರಿಸರ ಚರಗಳ ಪಟ್ಟಿ. ಪಿಕೆಎಕ್ಸೆಕ್ ಅದನ್ನೇ ತನ್ನ ಪದವೆಂದು ಓದಿ, ಅದರ ಮೇಲೆಯೇ ಬರೆಯುತ್ತಿತ್ತು. ಈ ಬಿರುಕಿನ ಮೂಲಕ ಯಾವ ಬಳಕೆದಾರನಾದರೂ ಯಂತ್ರದ ಒಡೆಯನಾಗಬಹುದೆಂದು ಕ್ವಾಲಿಸ್ ಸಂಸ್ಥೆಯವರು 2022ರ ಜನವರಿ 25ರಂದು ಪ್ರಕಟಿಸಿದರು. ದೋಷವು 2009ರ ಮೇ ತಿಂಗಳಿನಿಂದ, ಆ ಕ್ರಮವಿಧಿಯ ಮೊದಲ ಆವೃತ್ತಿಯಿಂದಲೇ, ಅಲ್ಲಿತ್ತು. ಹನ್ನೆರಡು ವರ್ಷಗಳಿಗೂ ಮೇಲ್ಪಟ್ಟು ಜಗತ್ತಿನ ನಿಪುಣರ ಕಣ್ಣ ಮುಂದೆಯೇ ಇದ್ದ ದೋಷವದು. ಅದೇ ವರ್ಷ ಬಂದ ಲಿನಕ್ಸ್ 5.18ನೆಯ ಆವೃತ್ತಿಯಲ್ಲಿ, ಪಟ್ಟಿಯು ಖಾಲಿಯಿದ್ದರೆ ಅದರಲ್ಲಿ ಒಂದು ಖಾಲಿ ಪದವನ್ನಾದರೂ ಇಡುವ ಏರ್ಪಾಡಾಯಿತು. ಆರ್ಗ್‌ಸಿಯನ್ನು ಮೊದಲು ನೋಡು, ಬಳಿಕ ಆರ್ಗ್‌ವಿಯನ್ನು ಮುಟ್ಟು ಎಂದು ತರಗತಿಯಲ್ಲಿ ಹೇಳುವ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಕೊನೆಯದಾಗಿ, ಕ್ರಮವಿಧಿಯು ಆಡುವ ಮಾತಿನ ವಿಷಯ. ತಪ್ಪು ಆಯ್ಕೆ ಬಂದಾಗ ಗೆಟ್‌ಆಪ್ಟ್ ತಾನೇ ಒಂದು ಚಿಕ್ಕ ವಾಕ್ಯವನ್ನು ಮುದ್ರಿಸುತ್ತದೆ. ‘ಆಪ್ಟ್‌ಎರ್’ ಎಂಬ ಚರಕ್ಕೆ ಸೊನ್ನೆಯನ್ನು ಕೊಟ್ಟರೆ ಅದು ಸುಮ್ಮನಾಗಿ, ಮಾತಾಡುವ ಅಧಿಕಾರವು ನಮ್ಮದಾಗುತ್ತದೆ. ತಪ್ಪಾದ ಅಕ್ಷರ ಯಾವುದೆಂಬುದು ‘ಆಪ್ಟ್‌ಆಪ್ಟ್’ ಚರದಲ್ಲಿ ಉಳಿದಿರುತ್ತದೆ. ಅಲ್ಲಿ ‘ಎಸ್ ಎಂಬ ಆಯ್ಕೆಗೆ ವೇಗವನ್ನು ಸಂಖ್ಯೆಯಲ್ಲಿ ಹೇಳಬೇಕು, ಉದಾಹರಣೆಗೆ 120’ ಎಂದು ಕನ್ನಡದಲ್ಲಿ ಬರೆಯಲು ಅಡ್ಡಿಯೇನಿದೆ? ಆ ವಾಕ್ಯವು ಸಾಮಾನ್ಯ ಫಲಿತಾಂಶದ ದಾರಿಯಲ್ಲಿ ಹೋಗದೆ, ‘ಎಸ್‌ಟಿಡಿಎರ್’ ಎಂಬ ದೋಷಗಳ ದಾರಿಯಲ್ಲಿ ಹೋಗಬೇಕು. ಇಲ್ಲದಿದ್ದರೆ ಪಾಠದ ನಡುವೆ ಗದರಿಕೆಯೂ ಸೇರಿ ಓದಲ್ಪಡುತ್ತದೆ. ಕ್ರಮವಿಧಿಯು ಮುಗಿಯುವಾಗ ಸೊನ್ನೆಯಲ್ಲದ ಸಂಖ್ಯೆಯನ್ನು ಹಿಂದಿರುಗಿಸಬೇಕು. ಅದನ್ನು ಕರೆದ ಇನ್ನೊಂದು ಕ್ರಮವಿಧಿಗೆ ವೈಫಲ್ಯವು ತಿಳಿಯುವುದು ಆ ಸಂಖ್ಯೆಯಿಂದಲೇ. ಸಂದೇಶಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಇಟ್ಟುಕೊಳ್ಳಲು ‘ಗೆಟ್‌ಟೆಕ್ಸ್ಟ್’ ಎಂಬ ಗ್ರಂಥಾಲಯವಿದೆ. ಅದಕ್ಕೆ ಬೇಕಾಗಿರುವುದು ಅನುವಾದಿಸಿದ ವಾಕ್ಯಗಳ ಕಡತವೊಂದೇ. ಈ ಕೆಲಸಕ್ಕೆ ಸಿ ಭಾಷೆಯ ಜ್ಞಾನವೂ ಬೇಕಿಲ್ಲ, ನೇರವಾದ ಕನ್ನಡ ಬಂದರೆ ಸಾಕು. ನಗರಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳೂ ಇಲ್ಲಿಯ ಕನ್ನಡ ಶಿಕ್ಷಕರೂ ಕೂಡಿ ರಜೆಯ ದಿನಗಳಲ್ಲಿ ಮಾಡಬಹುದಾದ ಕೆಲಸವಿದು.

ಈ ಪುಟದಿಂದ ಆಜ್ಞೆಗಳನ್ನು ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪತ್ರಗಳನ್ನು ಸಿದ್ಧಪಡಿಸುವ ಎಷ್ಟೋ ತಂತ್ರಾಂಶಗಳು ಎರಡು ಅಡ್ಡಗೆರೆಗಳನ್ನು ಕಂಡೊಡನೆ ಅಂದಕ್ಕಾಗಿ ಅವನ್ನು ಕೂಡಿಸಿ ಒಂದು ಉದ್ದ ಗೆರೆಯನ್ನಾಗಿ ಮಾಡುತ್ತವೆ. ಆ ಉದ್ದ ಗೆರೆಯು ಬೇರೆಯೇ ಸಂಕೇತವಾದುದರಿಂದ ಗೆಟ್‌ಆಪ್ಟ್ ಅದನ್ನು ಅಡ್ಡಗೆರೆಯೆಂದು ಒಪ್ಪದೆ, ಇಡೀ ಪದವನ್ನು ಒಂದು ಕಡತದ ಹೆಸರೆಂದು ತಿಳಿಯುತ್ತದೆ. ‘--ವೇಗ’ ಎಂಬಲ್ಲಿ ಕೀಲಿಮಣೆಯ ಚಿಕ್ಕ ಗೆರೆಯನ್ನೇ ಎರಡು ಸಲ ಒತ್ತತಕ್ಕದ್ದು.